ಕೇಬಲ್ಲಿನ ಆಚೆ ತುದಿ

ದೀಪ ಆರಿಸಬೇಡಿ, ಇದನ್ನು ಕೇಳಿದ ಮೇಲೆ ಹೇಗೂ ನೀವೇ ಎದ್ದು ಹಚ್ಚುತ್ತೀರಿ. ನಡೆದದ್ದು ನಮ್ಮ ಚಿಕ್ಕಮ್ಮನ ಮಗಳಿಗೆ. ಅವಳನ್ನು ಎಲ್ಲರೂ ಗಿಣಿ ಅಂತಾರೆ, ಬಾಯಿಗೆ ಬಿಡುವಿಲ್ಲ. ಕೆಲಸವೂ ಅಂಥದ್ದೇ. ಮನೆಯಲ್ಲಿ ಕೂತು ಫೋನಿನಲ್ಲಿ ಗಿರಾಕಿಗಳ ಬೈಗುಳ ಕೇಳಿ ಸಮಾಧಾನ ಹೇಳುವುದು.

ಅವತ್ತು ಕತ್ತಲಾದ ಮೇಲೆ ಕೇಬಲ್ ಸುರುಳಿ ಹೆಗಲಿಗೆ ಹಾಕಿಕೊಂಡು ಮನೆ ಪಕ್ಕದ ಪಾಳುಬಾವಿಯ ಓಣಿಯಲ್ಲಿ ಬರುತ್ತಿದ್ದಳು. ಬಾವಿ ಕಡೆ ನೋಡಲೂ ಇಲ್ಲ, ಚಿಂತೆಯೆಲ್ಲ ಕೆಲಸದ್ದೇ. ವೈಫೈ ಸಾಲದೆ ಮಾತಿನ ಮಧ್ಯೆ ಲೈನು ಕಡಿದು ಹೋಗುತ್ತಿತ್ತು. ನಾಳೆಯೂ ಕಡಿದರೆ ಕೆಲಸ ಇಲ್ಲ ಅಂತ ಮೇಲಧಿಕಾರಿ ಕಡ್ಡಿ ಮುರಿದ ಹಾಗೆ ಹೇಳಿದ್ದ. ಹಾಲಿನಲ್ಲಿ ಕೂತು ಮಾತಾಡೋಣ ಅಂದರೆ ನಾದಿನಿಯ ಟಿವಿ ಗದ್ದಲ. ಉಳಿದದ್ದು ಹಿಂದಿನ ಕೋಣೆ, ಸತ್ತ ಅತ್ತೆಯದು.

ಸೊಸೆಯ ನೆರಳೂ ಆ ಕೋಣೆಗೆ ಬೀಳಕೂಡದು ಅಂತಿದ್ದರು ಅತ್ತೆ. ಅವರು ಹೋದ ಮೇಲೆ ಕೀಲಿ ನಾದಿನಿಯ ಮುಷ್ಟಿಯಲ್ಲಿ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಗಂಡ ಲಾರಿ ಹತ್ತುವ ಮುಂಚೆ ತಂಗಿಗೆ ಬಾಗಿಲು ತೆಗೆದುಕೊಡು ಅಂತ ತಾಕೀತು ಮಾಡಿ ಹೋಗಿದ್ದ.

ಗೋಡೆಯೊಳಗೆ ಹಾಲಿನಿಂದ ಕೋಣೆಯವರೆಗೆ ಹಳೇ ಫೋನ್ ವೈರಿನ ಪೈಪು ಇತ್ತು. ಆ ವೈರಿನ ತುದಿಗೆ ಹೊಸ ಕೇಬಲ್ ಕಟ್ಟಿ, ಆಚೆಯಿಂದ ಒಬ್ಬರು ಎಳೆದರೆ ಹೊಸದೂ ಹಿಂದೆ ಬರುತ್ತದೆ. ಇನ್ನೊಂದು ತುದಿಯನ್ನು ಗಿಣಿ ಹಾಲಿನ ಮೇಜಿನ ಮೇಲಿನ ಇಂಟರ್ನೆಟ್ ಪೆಟ್ಟಿಗೆಗೆ ಆಗಲೇ ಸಿಕ್ಕಿಸಿದ್ದಳು.

"ಕೋಣೆಗೆ ಹೋಗಿ ನಿಧಾನವಾಗಿ ಎಳಿ. ಬಿಗಿಯಾದ್ರೆ 'ಬಿಡು' ಅನ್ನು, ಸಾಕು," ಅಂದಳು, ಗೋಡೆಗೆ ಹೇಳಿದ ಹಾಗೆ.

ನಾದಿನಿ ಮೂತಿ ತಿರುವಿ ಎದ್ದು ಹೋದಳು. ಚಪ್ಪಲಿ ಸದ್ದು... ಪಟ್, ಪಟ್... ನಿಂತಿತು.

ಸ್ವಲ್ಪ ಹೊತ್ತಿಗೆ... ಸರ್ರ್. ಕೇಬಲ್ ಹೊರಟಿತು. ಪೈಪಿನೊಳಗಿಂದ ಪಿಸುದನಿ.

"ಬಿಡು..."

ಬಿಟ್ಟಳು.

"ಬಿಡು... ಇನ್ನೂ..."

ಸರ್ರ್... ಸರ್ರ್... ಸುರುಳಿ ಅರ್ಧ ಖಾಲಿ. ಕೋಣೆ ಅಷ್ಟು ದೂರವೇನೂ ಇಲ್ಲ. ಬೇಕಂತಲೇ ಸತಾಯಿಸುತ್ತಿದ್ದಾಳೆ ಅಂತ ಗಿಣಿಗೆ ಮೈ ಉರಿಯಿತು.

"ಎಷ್ಟು ಬಿಡೋದು?"

ಪೈಪು ಸುಮ್ಮನಾಯಿತು. ಆಮೇಲೆ... ತೀರಾ ಹತ್ತಿರದಿಂದ...

"ಕೋಣೆ ಬಿಡು. ಮನೆ ಬಿಡು."

"ಬಿಡಲ್ಲ," ಅಂದಳು ಗಿಣಿ. ಕೇಬಲ್ಲನ್ನು ಕೈಗೆ ಸುತ್ತಿಕೊಂಡು ಜಗ್ಗಿದಳು. ಆ ಕಡೆಯಿಂದ ಜಗ್ಗಿದ ರಭಸಕ್ಕೆ ಅಂಗೈ ಸುಲಿದು ಹೋಯಿತು.

ಅಷ್ಟರಲ್ಲಿ ಬೀದಿ ಬಾಗಿಲು ಕಿರ್ರ್ ಅಂತು. ನಾದಿನಿ ಏದುಸಿರು ಬಿಡುತ್ತಾ ಹೊರಗಿನಿಂದ ಬಂದಳು.

"ಹಿತ್ತಲ ಬಾಗಿಲಿಂದ ಹೋಗಿ ಕೀಲಿ ಬಾವಿಗೆ ಹಾಕಿ ಬಂದೆ. ಅದ್ಹೇಗೆ ಅಮ್ಮನ ಕೋಣೆಗೆ ಹೋಗ್ತೀಯೋ ನಾನೂ ನೋಡ್ತೀನಿ."

ಗಿಣಿ ಪೈಪಿನ ಕಡೆ ಬೆರಳು ತೋರಿಸಿದಳು. ಕೇಬಲ್ ಇನ್ನೂ ಒಳಗೆ ಹೋಗುತ್ತಲೇ ಇತ್ತು... ಸರ್ರ್...

ನಾದಿನಿ ಕೋಣೆಯ ಕಡೆ ತಿರುಗಿದಳು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.

"ಯಾರು... ಎಳೀತಿರೋದು?"

ಸುರುಳಿ ಮುಗಿಯಿತು. ಪೆಟ್ಟಿಗೆ ಮೇಜಿನ ಮೇಲೆ ಕರಕರ ಅಂತ ಜರುಗತೊಡಗಿತು. ಅದೊಂದು ಹೋದರೆ ನಾಳೆಯ ಕೆಲಸವೂ ಹೋಯಿತು. ಗಿಣಿ ಕತ್ತರಿ ತಂದು ಕೇಬಲ್ಲನ್ನು ಕಚಕ್ಕನೆ ಕತ್ತರಿಸಿದಳು. ತುಂಡಾದ ತುದಿ ಸುರ್ರೆಂದು ಗೋಡೆಯೊಳಗೆ ನುಗ್ಗಿತು.

ಬೆಳಗಾಗುವುದನ್ನೂ ಕಾಯದೆ ಅವಳು ಗೆಳತಿಯ ಮನೆಗೆ ಹೋದಳು, ಅಲ್ಲಿಂದಲೇ ಕೆಲಸ ಮಾಡಿದಳು. ಕೆಲಸ ಉಳಿಯಿತು. ಗಂಡ ಬಂದು ಎಷ್ಟು ಗೋಗರೆದರೂ ಆ ಮನೆಗೆ ಕಾಲಿಡಲಿಲ್ಲ. ಅವಳನ್ನು ಓಡಿಸಬೇಕು ಅಂತ ಹಟ ಹಿಡಿದಿದ್ದ ನಾದಿನಿ ಈಗ ಅಲ್ಲಿ ಹೆಚ್ಚು ಕಮ್ಮಿ ಒಬ್ಬಳೇ.

ಕಟ್ಟುಕತೆ ಅನ್ನುವವರು ಹೋಗಿ ನೋಡಲಿ. ಪೆಟ್ಟಿಗೆಯಿಂದ ಗೇಣುದ್ದದ ತುಂಡು ಕೇಬಲ್ ನೇತಾಡುತ್ತಿದೆ. ಅದನ್ನು ಸಿಕ್ಕಿಸಿದ ಜಾಗದ ಪಕ್ಕ ಒಂದು ಹಸಿರು ದೀಪ ಇದೆ. ಕೇಬಲ್ಲಿನ ಆಚೆ ತುದಿಗೆ ಏನಾದರೂ ಸೇರಿಸಿದಾಗ ಮಾತ್ರ ಅದು ಹೊತ್ತಿಕೊಳ್ಳುವುದು.

ಉರಿಯುತ್ತಿದೆ.