ಫಾರಂ ಅಕ್ಕನನ್ನು ಕೇಳದೆ ಉಳಿದ ಪ್ರಶ್ನೆ

ಸೇರಿರುವ ಹಿರಿಯರಿಗೆ, ಆರೋಗ್ಯ ಕೇಂದ್ರದ ನನ್ನ ಜೊತೆಗಾರರಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಭಾವನವರಿಗೆ, ಅವರ ಮಗಳಿಗೆ — ನಮಸ್ಕಾರ. ನನಗೆ ಭಾಷಣ ಬರೋದಿಲ್ಲ. ಫಾರಂ ತುಂಬೋದು ಬರುತ್ತೆ. ಅದನ್ನ ಕಲಿಸಿದ್ದು, ನೀವೆಲ್ಲ ಫಾರಂ ಅಕ್ಕ ಅಂತ ಕರೀತಿದ್ದ ನಮ್ಮ ಅಕ್ಕನೇ.

ನಿಮಗೆಲ್ಲ ಗೊತ್ತು. ಎರಡು ತಿಂಗಳ ಹಿಂದೆ ಈ ಬೀದಿಗಳಲ್ಲಿ ಗಂಟಲು ನೋವು ಶುರುವಾಯ್ತು. ಬಹಳ ಜನಕ್ಕೆ ನಾಲ್ಕೇ ದಿನದಲ್ಲಿ ವಾಸಿಯಾಯ್ತು. ಕೆಲವರಿಗೆ ಮಾತ್ರ ಆ ನೋವು ತರೋ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಜೀವಕ್ಕೇ ಕುತ್ತು ತಂತು. ಯಾಕೆ ಕೆಲವರಿಗೇ? ಅದನ್ನ ತಿಳಿಯೋಕೆ ಮನೆಮನೆ ಸುತ್ತಿದವರು ನಾವಿಬ್ಬರು. ಸಕ್ಕರೆ ಕಾಯಿಲೆ ಇದೆಯಾ, ಒಂದೇ ಕೋಣೆಯಲ್ಲಿ ಎಷ್ಟು ಜನ ಮಲಗ್ತೀರಿ, ಮೈಮೇಲೆ ಗಾಯ ಇದೆಯಾ — ಹೀಗೆ ಕೇಳ್ತಾ. ಬಾಗಿಲು ಹಾಕೋಕೆ ಬಂದವರೂ ಅಕ್ಕನಿಗೆ ಕುರ್ಚಿ ಹಾಕ್ತಿದ್ರು. ಒಬ್ಬ ಟೈಲರ್, ಕುಡಿತದ ಪ್ರಶ್ನೆಗೆ "ಛೇ, ಇಲ್ಲ" ಅಂದ. ಅಕ್ಕ ಅವನ ಹೆಂಡತಿಯನ್ನ "ಒಂದು ಲೋಟ ನೀರು ತರ್ತೀಯಾ ತಾಯಿ" ಅಂತ ಒಳಗೆ ಕಳಿಸಿ, "ಈಗ ಹೇಳಪ್ಪ" ಅಂದ್ರು. ನಗಬಹುದು ನೀವು. ಅಕ್ಕನೂ ದಾರಿಯುದ್ದಕ್ಕೂ ನಕ್ಕಿದ್ರು.

ಅಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು. ನನಗೆ ಗೊತ್ತಿತ್ತು. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಗಾಯವಾಗಿತ್ತು. ಅದೂ ಗೊತ್ತಿತ್ತು. "ಏನಕ್ಕಾ, ಮದುಮಗಳ ಹಾಗೆ ಮೆಲ್ಲಗೆ ಹೆಜ್ಜೆ ಇಡ್ತಿದೀರಲ್ಲ" ಅಂತ ರೇಗಿಸಿದೆ. ಕೈಯಲ್ಲಿ ಅದೇ ಫಾರಂ ಹಿಡಕೊಂಡು — ರೇಗಿಸಿದೆ ಸ್ವಾಮಿ. ರೋಗ ಬಂದವರು, ಬಾರದವರು ಸೇರಿ ಅರವತ್ತೊಂದು ಜನಕ್ಕೆ ಗಾಯ ಇದೆಯಾ ಅಂತ ಕೇಳಿದ್ದೆ. ಪಕ್ಕದಲ್ಲೇ ಕುಂಟ್ತಾ ಬರ್ತಿದ್ದವರನ್ನ ಕೇಳಲಿಲ್ಲ.

ಅದಾದ ನಾಲ್ಕನೇ ದಿನ ಜ್ವರ ಬಂತು. ಆರನೇ ದಿನ — ಅಕ್ಕ ಇರಲಿಲ್ಲ.

ರೋಗ ಬಂದವರೆಲ್ಲರ ಫಾರಂ ತುಂಬಲೇಬೇಕು, ಅದು ನಿಯಮ. ಅಕ್ಕನದನ್ನ ತುಂಬಿದ್ದು ನಾನು. ಈ ಮಗಳು ಎದುರಿಗೆ ಕೂತು ಒಂದೊಂದಕ್ಕೂ ಉತ್ತರ ಕೊಟ್ಟಳು. ಗಾಯದ ಪ್ರಶ್ನೆ ಬಂತು. "ಇತ್ತು ಮಾಮ. ಡಾಕ್ಟರಿಗೆ ತೋರಿಸೋಣ ಅಂದೆ. 'ನಿನ್ನ ಮಾಮ ದಿನಾ ಜೊತೆಗೇ ಇರ್ತಾನೆ, ಅಂಥದ್ದೇನಾದ್ರೂ ಇದ್ದಿದ್ರೆ ಹೇಳ್ತಿದ್ದ ಬಿಡು' ಅಂದ್ಲು ಅಮ್ಮ."

ಅವಳು ನನ್ನನ್ನ ಬೈಯಲಿಲ್ಲ. ಬೈದಿದ್ರೆ ಎಷ್ಟೋ ಹಗುರಾಗ್ತಿತ್ತು. ತಾಯೀ, ಇವತ್ತು ಎಲ್ಲರೆದುರು ಹೇಳ್ತೀನಿ — ತಪ್ಪು ನನ್ನದು.

ಈಗ ದಯವಿಟ್ಟು ಎಲ್ಲರೂ ಎದ್ದು, ಅಕ್ಕನಿಗಾಗಿ ಒಂದು ನಿಮಿಷ ಮೌನವಾಗಿ ನಿಲ್ಲೋಣ. ಕಾಲಲ್ಲಿ ಗಾಯ, ಒಡಕು ಇರೋರು ಕೂತೇ ಇರಿ. ಸಂಕೋಚ ಬೇಡ. ನಿಮಿಷ ಮುಗಿದ ಮೇಲೆ ನಾನೇ ನಿಮ್ಮ ಹತ್ತಿರ ಬಂದು ನೋಡ್ತೀನಿ.