ಮಲತಾಯಿ ಕಥೆಯಲ್ಲಿ ಅಪ್ಪ

ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಜೀನ್ಸ್ ಹೊಲಿಯುವ ಇಬ್ಬರು ಹೆಂಗಸರು ಬೆಳುಗುಪ್ಪ ಬಸ್ಸಿಗೆ ಕಾಯುತ್ತಿದ್ದರು. ಚಿಕ್ಕವಳು ಹೇಮಾ, ಗಂಡನಿಗೆ ಎರಡನೇ ಹೆಂಡತಿ; ಮನೆಯಲ್ಲಿ ಮೊದಲ ಹೆಂಡತಿಯ ಪುಟ್ಟ ಮಗಳಿದ್ದಾಳೆಂದು ಅವರ ಮಾತಿನಿಂದ ತಿಳಿಯಿತು.

“ಪಾಪಕ್ಕ, ನಮ್ಮತ್ತಿ ಹುಡುಗಿಗೆ ದಿನಾ ಅದೇ ಕಥಿ ಹೇಳ್ತಾಳ. ಮಲತಾಯಿ ಊಟದಾಗ ವಿಷ ಹಾಕಿದ್ಲಂತ.”

“ನೀ ಏನ್ ಮಾಡ್ದಿ?”

“ಅದೇ ಕಥಿ, ಆದ್ರ ಮಲತಾಯಿ ಒಳ್ಳೇಕಿ ಇರೋ ಪುಸ್ತಕ ತಂದು ಓದಿದೆ. ಅತ್ತಿ ಅದು ಸುಳ್ಳು ಕಥಿ ಅಂದ್ಲು.”

“ಅಕಿ ಹೇಳೋದು ಕಣ್ಣಾರೆ ನೋಡಿದ್ದೇನು? ಹುಡುಗಿ ಏನಂತು?”

“ಕಥ್ಯಾಗ ಅಪ್ಪ ಎಲ್ಲಿದ್ದ ಅಂತು. ಎರಡೂ ಕಥ್ಯಾಗ ಅಡವಿಗೆ ಬ್ಯಾಟಿ ಆಡಾಕ ಹೋಗಿದ್ದ ಅಂದೆ.”

“ನಿನ್ನ ಗಂಡ?”

“ಪಕ್ಕದಾಗೇ ಫೋನ್ ನೋಡ್ತಾ ಕುಂತಿದ್ರು. ಹುಡುಗಿ ಆ ಕಡಿ ನೋಡಿ, ‘ನಮ್ಮಪ್ಪನೂ ಬ್ಯಾಟಿಗೆ ಹೋಗ್ಯಾನೇನಮ್ಮ’ ಅಂತು.”

“ನಿನಗ ‘ಅಮ್ಮ’ ಅಂತೇನು?”

“ಹೂಂ, ಮೊದಲ್ನೇ ಸಲ. ಅತ್ತಿಗೂ ಕೇಳಿಸ್ಲಿ ಅಂತ ಕಥಿ ಇನ್ನೊಮ್ಮೆ ಜೋರಾಗಿ ಓದಿದೆ.”

ಬಸ್ಸು ಬಂತು. ಇಬ್ಬರೂ ಸೀಟು ಹಿಡಿಯಲು ಓಡಿದರು.