ಜಪದ ನಡುವೆ ನಿದ್ದೆ

ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಿದ್ದ ತಾಯಿಗೆ, ಬೇಡವೆಂದರೂ ಪಕ್ಕದ ಇಬ್ಬರು ಹೆಂಗಸರ ಮಾತು ಕಿವಿಗೆ ಬೀಳುತ್ತಿತ್ತು. ಒಳಗೆ ಕಿರಿಯವಳ ಗಂಡನಿಗೆ ಆಪರೇಷನ್ ನಡೆಯುತ್ತಿತ್ತು. ಹಿರಿಯವಳು ಅವನ ಅಕ್ಕ, ಬಟ್ಟೆ ಹೊಲಿಯುವವಳು. ಅವಳಿಗೆ ಒರಗಿದ್ದ ಕಿರಿಯವಳು ತಟ್ಟನೆ ಎಚ್ಚೆತ್ತಳು.

“ಅಯ್ಯೋ ಅತ್ತಿಗೆ, ನಿದ್ದೆ ಹೋಗ್ಬಿಟ್ನಾ?”

“ಹೂಂ. ನನ್ನ ಸೆರಗೆಲ್ಲ ಜೊಲ್ಲು.”

“ಅವರು ಹೊರಗೆ ಬರೋವರೆಗೂ ದೇವರ ಹೆಸರು ಬಿಡಲ್ಲ ಅಂದ್ಕೊಂಡಿದ್ದೆ. ಎಬ್ಬಿಸ್ಬಾರ್ದಿತ್ತಾ?”

“ಯಾಕೆ, ನೀನು ಕೂಗ್ತಾ ಇರದಿದ್ರೆ ದೇವರೂ ತೂಕಡಿಸ್ತಾನಾ?”

“ತಮಾಷೆ ಬೇಡಿ. ಅವರಿಗೇನಾದ್ರೂ ಆದ್ರೆ ನನ್ನಿಂದಲೇ.”

“ಇಲ್ನೋಡು. ಮೆಷಿನ್ ತುಳೀತಾ ನಾನೂ ದೇವರನ್ನ ಬೇಡ್ಕೋತಾನೇ ಇರ್ತೀನಿ. ಆ ಗಡಗಡದಲ್ಲಿ ಏನೂ ಗೊತ್ತಾಗಲ್ಲ. ದಾರ ಮುಗಿದು ಮೆಷಿನ್ ನಿಂತಾಗ, ಸೂಜಿಗೆ ಮತ್ತೆ ಪೋಣಿಸೋ ಅಷ್ಟು ಹೊತ್ತು, ಅವನು ಪಕ್ಕದಲ್ಲಿ ಬಂದು ಕೂತ ಹಾಗಿರುತ್ತೆ. ಏನೂ ಹೇಳಲ್ಲ. ಇರ್ತಾನೆ, ಅಷ್ಟೆ.”

ಕಿರಿಯವಳು ಅತ್ತಿಗೆಯ ಸೆರಗಿನ ಒದ್ದೆಯನ್ನು ಒರೆಸಿದಳು.

“ಈಗ ಮಲಗಿದ್ದಾಗ ಭಯ ಆಗ್ಲಿಲ್ಲ ಅತ್ತಿಗೆ. ಇವರಿಗೆ ಕಾಯಿಲೆ ಅಂತ ಗೊತ್ತಾದ್ಮೇಲೆ ಇದೇ ಮೊದಲು.”

“ಮತ್ತೆ? ನಿನ್ನ ಮಲಗಿಸಿದ್ದು ನಾನು ಅಂದ್ಕೊಂಡ್ಯಾ?”

ನರ್ಸ್ ಬಾಗಿಲು ತೆರೆದಳು. “ಆಪರೇಷನ್ ಮುಗೀತು. ಎಚ್ಚರ ಇನ್ನೂ ಬಂದಿಲ್ಲ. ಒಬ್ರು ಬಂದು ಕೂತ್ಕೋಬಹುದು.”

“ಹೋಗು, ನೀನು ಹೋಗು.”

“ಒಳಗೆ ಏನಂತ ಬೇಡ್ಕೊಳ್ಳಲಿ?”

“ಏನೂ ಬೇಡ. ಅವನ ಕೈ ಹಿಡ್ಕೊಂಡು ಸುಮ್ನೆ ಕೂತಿರು.”

ಕಿರಿಯವಳು ಚಪ್ಪಲಿ ಬಿಟ್ಟು, ತುಟಿ ಅಲುಗಿಸದೆ ಒಳಗೆ ಹೋದಳು. ಹಿರಿಯವಳು ಬಾಗಿಲಿನವರೆಗೆ ಅವಳ ಹಿಂದೆಯೇ ನಡೆದಳು.